ಅಮ್ಮಣ್ಣಿ ತಿದ್ದಿದ ಮಾತು

ಅಮ್ಮಣ್ಣಿಯ ಕಸುಬು ಬಾಳೆಲೆ. ಬೆಳಿಗ್ಗೆ ಚೆನ್ನೈಯ ಹೊರವಲಯದ ಪಲ್ಲಾವರಂನಲ್ಲಿ ಲಾರಿಯಿಂದ ಇಳಿದ ಎಲೆಕಟ್ಟು ಬಿಡಿಸಿ, ಹರಿದದ್ದನ್ನು ತಿಂಡಿಗೆ, ತುದಿ ಇದ್ದದ್ದನ್ನು ಊಟಕ್ಕೆ ಎಂದು ಕೊಯ್ದು ಬೇರೆ ಮಾಡಿ, ಒದ್ದೆ ಗೋಣಿಯಲ್ಲಿ ಸುತ್ತಿ, ಎಲೆಕ್ಟ್ರಿಕ್ ಟ್ರೈನಿನ ವ್ಯಾಪಾರಿಗಳ ಡಬ್ಬಿಗೆ ಎತ್ತಿ ಹಾಕಿಕೊಂಡು ಎಗ್ಮೋರಿಗೆ ಬರುವಳು. ಸ್ಟೇಷನ್ನಿನ ಸುತ್ತಮುತ್ತ ನಮ್ಮ ಕರಾವಳಿಯವರ ಐದಾರು ಹೋಟೆಲುಗಳಿದ್ದವು. ಎಲ್ಲದಕ್ಕೂ ಎಲೆ ಇವಳದೇ. ಗಂಡ ಹೋಗಿ ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಎಲೆಯ ಕಟ್ಟನ್ನು ಯಾರಾದರೂ ಕಾಲಿನಿಂದ ಸರಿಸಿದರೆ, "ನಿನ್ನ ಅಪ್ಪ ಉಣ್ಣುವ ಎಲೆ ಅದು, ಕಾಲು ತೆಗಿ" ಎನ್ನುವ ಬಾಯಿ.

ನಾನಾಗ ಹೋಟೆಲ್ ಕೆಲಸಗಾರರ ಸಂಘದಲ್ಲಿದ್ದೆ. ನಮ್ಮ ಕರಪತ್ರ ಹೋಟೆಲಿನ ಅಡುಗೆಮನೆ ತಲುಪುತ್ತಿದ್ದದ್ದು ಅವಳ ಎಲೆಕಟ್ಟಿನೊಳಗೆ. ಯಾವ ಮಾಲೀಕನೂ ಬಾಳೆಲೆ ಬಿಚ್ಚಿ ನೋಡುತ್ತಿರಲಿಲ್ಲ. ಅದಕ್ಕಾಗಿ ಅವಳು ನನ್ನಿಂದ ಏನನ್ನೂ ಕೇಳಿದವಳಲ್ಲ. ಕೇಳಿದ್ದು ಒಂದೇ ಒಂದು ಸಂಗತಿ. ತಮ್ಮನನ್ನು ಹೆಂಡತಿಯ ಏಟಿನಿಂದ ಬಿಡಿಸಬೇಕು. ಆ ಒಂದು ನನ್ನ ಕೈಯಲ್ಲಿ ಆಗಲಿಲ್ಲ.

ತಮ್ಮನ ಹೆಸರು ಮೋನಪ್ಪ. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವನು. ತಾಯಿ ಬೇಗ ತೀರಿಕೊಂಡದ್ದರಿಂದ ಅವನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದವಳು ಅಮ್ಮಣ್ಣಿಯೇ. ಎಗ್ಮೋರಿನ ಒಂದು ಹೋಟೆಲಿನ ಕಾಫಿ ಕೌಂಟರಿನಲ್ಲಿ ಅವನ ಡ್ಯೂಟಿ. ಕಾಫಿಯನ್ನು ಎತ್ತರದಿಂದ ಸುರಿದು ನೊರೆ ತರಿಸಬೇಕು. ದಿನಕ್ಕೆ ಎಂಟುನೂರು ಸಲ ಬಲಗೈ ತಲೆಯ ಮೇಲಕ್ಕೆ ಹೋಗಿ ಬರಬೇಕು. ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಮಾತು ಮಾತ್ರ ಬಲು ಕಡಿಮೆ. "ಇವ ಮೋನಪ್ಪ ಅಲ್ಲ ಮಾರಾಯ, ಮೌನಪ್ಪ" ಎಂದು ಅಡುಗೆಮನೆಯವರ ತಮಾಷೆ.

ಹೆಂಡತಿ ಸುಮತಿ ನಮ್ಮ ಕಡೆಯ ಹುಡುಗಿಯೇ. ಆದರೆ ಬೆಳೆದದ್ದು ಚೆನ್ನೈಯಲ್ಲಿ. ನುಂಗಂಬಾಕ್ಕಂನ ಒಂದು ಹಳೇ ಬಂಗಲೆಯಲ್ಲಿ ಅಡುಗೆ ಕೆಲಸ ಅವಳದು. ಬಂಗಲೆಯ ಹಿಂದೆ ಕೆಲಸದವರಿಗೆಂದು ಕಟ್ಟಿದ ಒಂದೂವರೆ ಕೋಣೆ, ಅದೇ ಸಂಸಾರ. ಮನೆ ಬಂದದ್ದು ಸುಮತಿಯ ಕೆಲಸದ ಜೊತೆಗೆ. ಯಾರಾದರೂ ಹೊರಗೆ ಹೋಗಬೇಕಾದರೆ ಅದು ಮೋನಪ್ಪನೇ. ಒಬ್ಬಳು ಮಗಳು, ಚೈತನ್ಯಾ.

ಸುಮತಿ ಹೊಡೆಯುತ್ತಿದ್ದಳು. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದಳು. ಯಾಕೆ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ, ಅವನೇನು ಮಾಡಿದ್ದ ಎಂದು. ಹೆಂಡತಿಯನ್ನು ಹೊಡೆಯುವ ಗಂಡಸರ ಮನೆಗಳ ಎದುರು ಇಪ್ಪತ್ತು ವರ್ಷ ಧರಣಿ ಕೂತವನು ನಾನು. ಅಲ್ಲಿಯೂ ಜನ ಮೊದಲು ಕೇಳುತ್ತಿದ್ದದ್ದು ಇದನ್ನೇ, ಅವಳೇನು ಮಾಡಿದ್ದಳು ಎಂದು. ಉತ್ತರ ಎರಡೂ ಕಡೆ ಒಂದೇ. ಹೊಡೆಯುವವರು ಹೊಡೆಯುವುದು ಹೊಡೆದರೂ ನಡೆಯುತ್ತದೆ ಎಂದು ಗೊತ್ತಾದ ಮೇಲೆ. ಮೋನಪ್ಪನ ಮನೆಯಲ್ಲಿ ಅದು ಮದುವೆಯಾದ ಎರಡನೇ ವರ್ಷ ಗೊತ್ತಾಯಿತು.

ಹೋಟೆಲಿನವನ ಮೈಮೇಲಿನ ಸುಟ್ಟ ಗಾಯಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಎಲ್ಲವೂ ಒಲೆಯ ಲೆಕ್ಕಕ್ಕೆ ಹೋಗುತ್ತದೆ. ಆದರೆ ಕಾಫಿ ಕೌಂಟರಿನವನ ಕುತ್ತಿಗೆಯ ಹಿಂಬದಿಗೆ ಯಾವ ಒಲೆಯೂ ತಾಗುವುದಿಲ್ಲ. 1998ರಲ್ಲಿ ಎಲೆ ಇಳಿಸಲು ಬಂದ ಅಮ್ಮಣ್ಣಿ ಅಲ್ಲಿ ಇಕ್ಕಳದ ಎರಡು ಗೆರೆ ಕಂಡಳು.

"ಎಂತದು ಇದು?"

"ಬಿದ್ದದ್ದು."

"ಇಕ್ಕಳದ ಮೇಲೆ ಬೆನ್ನು ಹಾಕಿ ಬಿದ್ದಿಯಾ?"

ಅವನು ಕಾಫಿ ಸುರಿಯುತ್ತಲೇ ಇದ್ದ. ಅವಳು ಅಲ್ಲಿಂದ ನೇರ ನನ್ನ ಹತ್ತಿರ ಬಂದು ಹೇಳಿದಳು. ನಾನು ನಕ್ಕೆ. ಇದನ್ನು ಬರೆದೇಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. "ಅವನ ಕೈಯಲ್ಲಿ ಅಷ್ಟೂ ಬಲ ಇಲ್ಲವಾ ಅಮ್ಮಣ್ಣಿ?" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ನಿಮ್ಮ ಹತ್ರ ಹೇಳಿದ್ದೇ ತಪ್ಪಾಯ್ತು ಲೀಡರ್ರೆ" ಎಂದು ಹೋದಳು. ಆಮೇಲೆ ಎರಡು ವರ್ಷ ಈ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ಆ ಎರಡು ವರ್ಷದಲ್ಲಿ ಆದದ್ದನ್ನು ನಾನು ತಿಳಿದದ್ದು ಕೆಡುಕು ಆದ ಮೇಲೆ, ಅವಳ ಬಾಯಿಂದಲೇ.

ಅವರದು ಅಳಿಯಕಟ್ಟಿನ ಮನೆತನ. ಕುಲ ತಾಯಿಯ ಕಡೆಯಿಂದ ಇಳಿಯುತ್ತದೆ. ಗಂಡಸು ಮದುವೆಯಾದರೂ ಸಾಯುವವರೆಗೆ ತಾಯಿ ಮತ್ತು ಅಕ್ಕತಂಗಿಯರ ಮನೆಯವನೇ. ಹೆಂಡತಿ ಬೇರೆ ಬಳಿಯವಳು, ಅಂದರೆ ಬೇರೆ ಕುಲದವಳು, ಅವಳು ಹೆತ್ತ ಮಕ್ಕಳೂ ಅವಳ ಬಳಿಗೇ ಸೇರಿದವರು. ಹೀಗಾಗಿ ಮೋನಪ್ಪನ ಕಷ್ಟ ಅಂದರೆ ಅಮ್ಮಣ್ಣಿಯ ಮನೆಯ ಕಷ್ಟ. ಯಜಮಾನಿಕೆ ಸೋದರಮಾವ ಕಾಂತಪ್ಪನವರದು. ಮೂವತ್ತು ವರ್ಷ ಹೋಟೆಲ್ ಮೇಲ್ವಿಚಾರಣೆ ಮಾಡಿ ನಿವೃತ್ತರಾಗಿ ಚೆನ್ನೈಯಲ್ಲೇ ಇದ್ದ ಮುದುಕರು. ಅವರ ಇನ್ನೊಬ್ಬ ಸೋದರಳಿಯ ಕೃಷ್ಣರಾಜ ಹೆಂಡತಿಯನ್ನು ಬಡಿದು, ಅವಳು ದೂರು ಕೊಟ್ಟು, ಲಾಕಪ್ಪು ಕಂಡು ಬಂದಿದ್ದ. ಬಡಿದಿದ್ದ, ಒಳಗೆ ಹೋದ, ಸರಿಯಾಗಿಯೇ ಆಯಿತು. ಆದರೆ ಮನೆಯವರ ಎದೆಯಲ್ಲಿ ಆ ಭಯ ಕೂತುಬಿಟ್ಟಿತು. ಮೋನಪ್ಪ ಪೆಟ್ಟು ತಿನ್ನುವುದಕ್ಕಿಂತ, ಒಂದು ದಿನ ತಿರುಗಿ ಕೊಟ್ಟಾನು ಎಂಬುದೇ ಅವರಿಗೆ ದೊಡ್ಡದಾಗಿ ಕಂಡಿತು.

1999ರ ಒಂದು ಆದಿತ್ಯವಾರ ಪಲ್ಲಾವರಂನ ಅಮ್ಮಣ್ಣಿಯ ಮನೆಯಲ್ಲಿ ಎಲ್ಲರೂ ಸೇರಿದರು. ಊರಿನ ದೈವಸ್ಥಾನದಿಂದ ತಂದಿಟ್ಟ ಗಂಧ, ಒಂದು ತೆಂಗಿನಕಾಯಿ, ಹಚ್ಚಿದ ದೀಪ. ದೀಪ ಹಿಡಿದವರು ಕಾಂತಪ್ಪ.

"ನಿನ್ನ ಕೈಯಿಂದ ತಪ್ಪಿ ಒಂದು ಏಟು ಬಿದ್ರೆ ಮುಗೀತು," ಎಂದರು ಅವರು. "ಅವಳ ಮೂವತ್ತನ್ನು ಯಾರೂ ಕೇಳುದಿಲ್ಲ. ನಿನ್ನ ಒಂದನ್ನು ಬರ್ಕೊಳ್ತಾರೆ. ಹೇಳು, ಸುಮತಿ ಮೇಲೆ ಕೈ ಮಾಡುದಿಲ್ಲ ಅಂತ."

ಅಮ್ಮಣ್ಣಿ ನಡುವೆ ಬಾಯಿ ಹಾಕಿದಳು. "ಕೈ ಮಾಡುದಿಲ್ಲ ಅಂದ್ರೆ ಸಾಕಾ ಮಾವ? ಸಿಟ್ಟಿನಲ್ಲಿ ಎತ್ತಿದ ಕೈ ಕೆಳಗೆ ಬರುವ ದಾರಿ ಒಂದೇ. ಕೈ ಎತ್ತುದೇ ಇಲ್ಲ ಅಂತ ಹೇಳ್ಲಿ."

"ನೀನು ವಕೀಲ್ತಿ ಆಗ್ಬೇಕಿತ್ತು ಹೆಣ್ಣೆ," ಎಂದು ಕಾಂತಪ್ಪ ನಕ್ಕರು. "ಹೇಳು ಮೋನು, ಅಕ್ಕ ಹೇಳಿದ ಹಾಗೆಯೇ ಹೇಳು."

ಮೋನಪ್ಪ ಕಾಯಿ ಮುಟ್ಟಿ ಹೇಳಿದ. "ಸುಮತಿ ಎದುರು ನಾನು ಕೈ ಎತ್ತುದಿಲ್ಲ. ಎತ್ತಿದ್ರೆ ನನ್ನ ಮಗುವಿಗೆ ತಾಗಲಿ."

ಕೊನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಮಗುವನ್ನು ಯಾಕೆ ಎಳೆದೆ ಮಾರಾಯ?" ಎಂದು ಕಾಂತಪ್ಪ ಗದರಿದರು. ಹೇಳಿ ಆಗಿತ್ತು.

ಸುಮತಿಯಿಂದಲೂ ಒಂದು ಆಣೆ ಹಾಕಿಸಬಹುದಿತ್ತಲ್ಲ ಎಂದು ನಾನು ಮುಂದೆ ಕೇಳಿದೆ. "ಅವಳು ಬೇರೆ ಬಳಿಯವಳು. ನಮ್ಮ ದೈವದ ಆಣೆ ಅವಳಿಗೆ ಹಿಡಿಯುದಿಲ್ಲ" ಎಂದಳು ಅಮ್ಮಣ್ಣಿ, ಎರಡು ಮತ್ತು ಎರಡು ನಾಲ್ಕು ಎನ್ನುವಂತೆ. ಹಿಡಿಯುವವನನ್ನು ಹಿಡಿದು ಕಟ್ಟಿದರು. ಅವತ್ತು ಎಲ್ಲರೂ ಕಡುಬು ತಿಂದು, ಹುಡುಗನನ್ನು ಉಳಿಸಿಕೊಂಡೆವು ಎಂಬ ಸಮಾಧಾನದಲ್ಲಿ ಮನೆಗೆ ಹೋದರು. ಅವರಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳಕೂಡದು. ಇತ್ತು. ಆ ಪ್ರೀತಿಗೆ ಗೊತ್ತಿದ್ದ ದಾರಿ ಅಷ್ಟೇ.

ಮರುವರ್ಷ ನಾವು ವಾರಕ್ಕೊಂದು ರಜೆ ಕೊಡಿ ಎಂದು ಹೋಟೆಲುಗಳ ಎದುರು ಕೂತೆವು. ಪೊಲೀಸರು ಬಂದರೆ ಏನು ಮಾಡಬೇಕು ಎಂದು ಹಿಂದಿನ ದಿನವೇ ಎಲ್ಲರಿಗೂ ಹೇಳಿಕೊಟ್ಟಿದ್ದೆ. ಓಡಬೇಡಿ, ತಿರುಗಿ ಹೊಡೆಯಬೇಡಿ, ಗಲ್ಲ ಎದೆಗೆ ಒತ್ತಿ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಿ, ಕೈಯ ಮೂಳೆ ಕೂಡುತ್ತದೆ, ಬುರುಡೆ ಕೂಡುವುದಿಲ್ಲ. ನಿಜ ಹೇಳಬೇಕೆಂದರೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಲಾಠಿ ಮೇಲೆದ್ದಾಗ ಹೇಡಿಯ ಕೈಯೂ ಏಳುತ್ತದೆ, ಧೀರನ ಕೈಯೂ ಏಳುತ್ತದೆ. ಅವತ್ತು ಲಾಠಿ ಎದ್ದಿತು. ನನ್ನ ಪಕ್ಕದ ಸಾಲಿನಲ್ಲಿ ಮೋನಪ್ಪನ ಕೈಗಳು ಮೇಲೇಳಲಿಲ್ಲ. ಹಿಂದಕ್ಕೆ ಹೋಗಿ ಬೆನ್ನ ಮೇಲೆ ಒಂದನ್ನೊಂದು ಹಿಡಿದುಕೊಂಡವು. ಮುಖ ಎದುರಿಗೇ ಇತ್ತು. ಹಣೆ ಒಡೆಯಿತು.

ಅಷ್ಟು ವರ್ಷದ ಬೀದಿಯಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. "ಯಾಕಪ್ಪ ಹಾಗೆ ನಿಂತೆ?" ಎಂದೆ, ಹೊಲಿಗೆ ಹಾಕಿಸುವಾಗ.

"ಅಭ್ಯಾಸ ತಪ್ಪಿದೆ," ಎಂದ.

ಎರಡು ವರ್ಷ ಹಿಂದೆ ಅಮ್ಮಣ್ಣಿ ಹೇಳಿದ್ದು, ನಾನು ನಕ್ಕದ್ದು, ಆಗ ನೆನಪಿಗೆ ಬಂತು. ಹೋಗಿ ತಪ್ಪಾಯಿತು ಎಂದೆ. "ಇರ್ಲಿ ಬಿಡಿ, ಈಗ ಅವನಿಗೆ ಆಣೆ ಹಾಕಿಸಿದ್ದೇವೆ, ತೊಂದರೆ ಇಲ್ಲ" ಎಂದಳು. ಅವಳು ಇನ್ನೂ ಹಾಗೆಯೇ ನಂಬಿದ್ದಳು. ನಾನೂ ಮುಂದೆ ಕೆದಕಲಿಲ್ಲ.

2001ರಲ್ಲಿ ಸುಮತಿ ದೋಸೆ ಮಗುಚುವ ಕಬ್ಬಿಣದ ಸಟ್ಟುಗವನ್ನು ಬೀಸಿದಳು. ಅಂಚು ಎಡಗಣ್ಣಿಗೆ ತಾಗಿತು. ಸರಕಾರಿ ಕಣ್ಣಾಸ್ಪತ್ರೆಗೆ ಅಕ್ಕನೇ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ವಯಸ್ಸಾದ ಡಾಕ್ಟರಮ್ಮ ಕಣ್ಣು ನೋಡಿ, ಆಮೇಲೆ ಅವನ ಎರಡೂ ಮುಂಗೈ ತಿರುಗಿಸಿ ತಿರುಗಿಸಿ ನೋಡಿದರು. ಅಲ್ಲಿ ಒಂದು ಗೀರೂ ಇರಲಿಲ್ಲ. ಮುಖಕ್ಕೆ ಏನಾದರೂ ಬಂದರೆ ಕೈ ತಾನಾಗಿ ಅಡ್ಡ ಬರುತ್ತದೆ, ಏಟು ಮೊದಲು ಅಲ್ಲಿ ಬೀಳಬೇಕು.

"ಕೈಯೆ ತೂಕ್ಕಲಿಯಾ?" ಎಂದು ಕೇಳಿದರು. ಕೈ ಎತ್ತಲಿಲ್ಲವಾ ಎಂದು.

ಮೋನಪ್ಪ ಅಕ್ಕನ ಕಡೆ ತಿರುಗಿ, "ನೀನೇ ಹೇಳಿಸಿದ್ದಲ್ವಾ ಅಕ್ಕ, ಕೈ ಎತ್ತುದಿಲ್ಲ ಅಂತ," ಎಂದ. ದೂರಿನ ಧ್ವನಿಯೇ ಅಲ್ಲ. ಹೇಳಿದ ಕೆಲಸ ಸರಿಯಾಗಿ ಮಾಡಿದವನ ಧ್ವನಿ.

ಅಮ್ಮಣ್ಣಿ ಅಲ್ಲೇ ಬೆಂಚಿನ ಮೇಲೆ ಕೂತಳು. ಕಾಂತಪ್ಪ ಹೇಳಿದ "ಕೈ ಮಾಡುದಿಲ್ಲ" ಎಂಬ ಮಾತು ಹಾಗೆಯೇ ಇದ್ದಿದ್ದರೆ ಅವನು ಮುಖ ಮುಚ್ಚಿಕೊಳ್ಳಬಹುದಿತ್ತು. ಕೈ ಮಾಡುವುದೆಂದರೆ ಹೊಡೆಯುವುದು. ಕೈ ಎತ್ತುವುದೆಂದರೆ, ಅವನಂಥವನಿಗೆ, ಕೈ ಎತ್ತುವುದು. ಆ ಒಂದು ಮಾತು ತಿದ್ದಿದವಳು ಅವಳು. ಕಣ್ಣು ಉಳಿಯಲಿಲ್ಲ.

ವಾರದ ನಂತರ ಅವಳು ಸಂಘದ ಆಫೀಸಿಗೆ ಬಂದು ಕೇಳಿದ ಪ್ರಶ್ನೆ ಇದು: "ಲೀಡರ್ರೆ, ಆಣೆ ಬಿಡಿಸುಕೆ ಕಾನೂನಿನಲ್ಲಿ ದಾರಿ ಉಂಟಾ?"

ಇಲ್ಲ ಎಂದೆ. ಆದರೆ ಹೊಡೆತಕ್ಕೆ ಕಾನೂನು ಉಂಟು, ಕಣ್ಣು ತೆಗೆದರೆ ಅದು ಯಾರು ತೆಗೆದರೂ ಅಪರಾಧ, ಬಾ ಎಂದು ಇಬ್ಬರನ್ನೂ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಏಟು ತಿಂದವನೇ ಹೇಳಬೇಕು ಎಂದು ಹೆಡ್ ಕಾನ್ಸ್‌ಟೇಬಲ್ ಮೋನಪ್ಪನನ್ನು ಮುಂದೆ ನಿಲ್ಲಿಸಿದ. ಮೋನಪ್ಪ ತನ್ನ ತಮಿಳಿನಲ್ಲಿ, ಹೆಂಡತಿ ನನ್ನನ್ನು ಹೊಡೆದಳು ಎಂಬುದನ್ನು "ಎನ್ನ ಅಡಿಚ್ಚಾ" ಎಂದ. ತಮಿಳಿನಲ್ಲಿ ಅದೇ ಮಾತಿಗೆ, ಅವಳು ಏನು ಕುಡಿದಳು ಎಂದೂ ಅರ್ಥ.

"ಎನ್ನ ಅಡಿಚ್ಚಾ? ಅದ ನೀದಾನ್ ಸೊಲ್ಲಣುಂ," ಎಂದ ಹೆಡ್ಡು. ಅದನ್ನು ನೀನೇ ಹೇಳಬೇಕು. "ಕ್ವಾರ್ಟರಾ, ಹಾಫಾ?"

ಇಡೀ ಸ್ಟೇಷನ್ನು ನಕ್ಕಿತು. ಲಾಕಪ್ಪಿನ ಕಂಬಿಯಾಚೆ ನಿಂತ ಒಬ್ಬ ಕಳ್ಳನೂ ನಕ್ಕ. ಮೋನಪ್ಪ ಕೂಡ ಸ್ವಲ್ಪ ನಕ್ಕ, ಅದು ನನ್ನನ್ನು ಹೆಚ್ಚು ಸುಟ್ಟಿತು. ನಾನು ಮೇಜು ಕುಟ್ಟಿ ಜಗಳ ತೆಗೆದೆ. ಬರೆದುಕೊಳ್ಳುತ್ತೇವೆ ಎಂದರು. ಅಷ್ಟರಲ್ಲಿ ಮೋನಪ್ಪ ಹೇಳಿದ, "ಬೇಡ ಲೀಡರ್ರೆ. ಅವಳು ಒಳಗೆ ಹೋದ್ರೆ ಮನೆ ಹೋಗ್ತದೆ. ಚೈತನ್ಯಾ ಎಲ್ಲಿ ಮಲಗುದು? ನಾನು ಬಿದ್ದದ್ದು ಅಂತ ಬರೀರಿ." ಹಾಗೆಯೇ ಬರೆದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೆಂಗಸರಿಗಾಗಿ ಬಂದ ಕಾನೂನುಗಳಿಗೆ ನಾನೂ ಬೀದಿಗಿಳಿದವನು, ಕರೆದರೆ ಇವತ್ತೂ ಇಳಿಯುತ್ತೇನೆ. ಮೋನಪ್ಪನಂಥವರ ಹೆಸರು ಹಿಡಿದು ಆ ಕಾನೂನು ಕಿತ್ತುಹಾಕಿ ಎನ್ನುವವರ ಜೊತೆ ನನಗೆ ಚಹಾ ಕುಡಿಯಲೂ ಮನಸ್ಸಿಲ್ಲ. ಅವರು ಯಾರೂ ಅಮ್ಮಣ್ಣಿಯ ಮನೆಯ ಬಾಗಿಲಿಗೆ ಬಂದವರೂ ಅಲ್ಲ.

ಅಮ್ಮಣ್ಣಿ ಕಾನೂನು ಬಿಟ್ಟು ದೈವವನ್ನು ಹಿಡಿದಳು. ಅದು ಅವಳಿಗೆ ಗೊತ್ತಿದ್ದ ಕಚೇರಿ. ಮೊದಲು ತಮ್ಮನ ಜೊತೆಗೇ ವಾದ ಮಾಡಿದಳು, ಹೋಟೆಲಿನ ಹಿಂದಿನ ಪಾತ್ರೆ ತೊಳೆಯುವ ಜಾಗದಲ್ಲಿ.

"ನಾನು ಹೇಳಿದ್ದು ಹೊಡೀಬೇಡ ಅಂತ. ತಡೀಬೇಡ ಅಂತಲ್ಲ. ಅಷ್ಟೂ ಅರ್ಥ ಆಗುದಿಲ್ವಾ ನಿಂಗೆ?"

"ದೈವ ಅರ್ಥ ಕೇಳುದಿಲ್ಲ ಅಕ್ಕ. ಮಾತು ಕೇಳ್ತದೆ. ಮಾತು ಹೇಳಿ ಆಗಿದೆ."

"ಸರಿ, ಎತ್ತು. ಏನಾಗ್ತದೆ ಕಾಣುವ. ಮಗುವಿಗೆ ತಾಗಲಿ ಅಂದಿಯಲ್ಲ, ಚೈತನ್ಯಾ ಅವಳ ತಾಯಿಯ ಬಳಿಯವಳು. ನಮ್ಮ ದೈವಕ್ಕೆ ಅವಳನ್ನು ಮುಟ್ಟುವ ಹಕ್ಕೇ ಇಲ್ಲ."

ಮೋನಪ್ಪ ಉಳಿದ ಒಂದು ಕಣ್ಣಿನಿಂದ ಅಕ್ಕನನ್ನು ನೋಡಿದ. "ಹಾಗಾದ್ರೆ ಅವಳು ನನ್ನ ಮಗಳಲ್ವಾ?"

ಅಳಿಯಕಟ್ಟಿನ ಪ್ರಕಾರ ಹೇಳಬೇಕಾದ ಉತ್ತರವನ್ನು ಅಮ್ಮಣ್ಣಿಯ ಬಾಯಿ ಆಡಲಿಲ್ಲ.

ಆಣೆ ಬಿಡಿಸಬೇಕಾದರೆ ಕ್ರಮ ಉಂಟು. ಆಣೆ ಇಟ್ಟವನು, ಹೇಳಿಸಿದವರು, ದೀಪ ಹಿಡಿದವರು ಎಲ್ಲರೂ ಊರಿನ ದೈವಸ್ಥಾನಕ್ಕೆ ಒಟ್ಟಿಗೆ ಹೋಗಿ, ತಪ್ಪೊಪ್ಪಿ, ಕಾಯಿ ಇಟ್ಟು ಮಾತನ್ನು ಹಿಂದೆ ಕೇಳಬೇಕು. ಒಬ್ಬರು ಬಾರದಿದ್ದರೂ ಆಗುವುದಿಲ್ಲ. ಕಾಂತಪ್ಪ ಬರಲೊಪ್ಪಲಿಲ್ಲ. "ಬಿಡಿಸಿದ ಮರುದಿನ ಅವ ಹೊಡೀತಾನೆ. ಇಷ್ಟು ವರ್ಷದ್ದು ಒಂದೇ ಸಲ ಹೊರಗೆ ಬರ್ತದೆ. ಆಗ ಹೆಣ ಬೀಳ್ತದೆ, ಇವ ಜೈಲಿಗೆ. ಒಂದು ಕಣ್ಣು ಹೋಯ್ತು ಹೌದು. ಮರ್ಯಾದೆ ಉಂಟಲ್ಲ."

"ಮರ್ಯಾದೆಯಿಂದ ಕಾಫಿ ಲೋಟ ಕಾಣ್ತದಾ ಮಾವ?" ಎಂದು ಕೇಳಿದಳಂತೆ ಅಮ್ಮಣ್ಣಿ. ಒಂದು ಕಣ್ಣು ಹೋದ ಮೇಲೆ ಮೋನಪ್ಪನಿಗೆ ಎತ್ತರದ ಅಂದಾಜು ತಪ್ಪಿ ಕಾಫಿ ಹೊರಗೆ ಬೀಳುತ್ತಿತ್ತು. ಅವನನ್ನು ಕೌಂಟರಿನಿಂದ ತೆಗೆದು ಟೇಬಲ್ ಒರೆಸಲು ಹಾಕಿದ್ದರು.

ಮುದುಕರು ಒಪ್ಪಲು ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷದಲ್ಲಿ ಎರಡು ಪಕ್ಕೆಲುಬು, ಮೇಲಿನ ಸಾಲಿನ ಮೂರು ಹಲ್ಲು ಹೋದವು. 2005ರಲ್ಲಿ ಮೂವರೂ ಊರಿಗೆ ಹೋಗಿ ಬಂದರು. ಕ್ರಮದಲ್ಲಿ ಏನೂ ಕಮ್ಮಿ ಮಾಡಲಿಲ್ಲ. ಮಾತು ಬಿಟ್ಟಿದೆ, ಇನ್ನು ಇವನ ಮೇಲೂ ಇವನ ಸಂತಾನದ ಮೇಲೂ ಏನೂ ಇಲ್ಲ ಎಂದು ಅಭಯ ಸಿಕ್ಕಿತು. ವಾಪಸು ಬಂದವನನ್ನು ಅಮ್ಮಣ್ಣಿ ನುಂಗಂಬಾಕ್ಕಂಗೆ ಕಳಿಸಲಿಲ್ಲ. ಪಲ್ಲಾವರಂನ ಮನೆಗೆ ಕರೆತಂದು, "ಇದು ನಿನ್ನ ಮನೆ. ಹುಟ್ಟಿದಾಗಿಂದ ನಿನ್ನದೇ" ಎಂದು ಚಾಪೆ ಹಾಸಿದಳು.

ಮೂರನೇ ದಿನವೋ ಏನೋ, ಅವಳಿಗೆ ಒಂದು ಅನುಮಾನ ಬಂತು. ಅಂಗಳ ಗುಡಿಸುತ್ತಿದ್ದವಳು ಮಾತಾಡುತ್ತಾ ಮಾತಾಡುತ್ತಾ ಒಮ್ಮೆಲೇ ಹಿಡಿಸೂಡಿ ಎತ್ತಿ ಅವನ ಮುಖದ ಕಡೆ ಬೀಸಿದಳು, ತಾಗದಂತೆ. ಅವನ ಎರಡೂ ಕೈ ಬೆನ್ನ ಹಿಂದೆ ಹೋದವು.

"ಆಣೆ ಬಿಟ್ಟಿದೆ ಮಾರಾಯ," ಎಂದಳು. ಹಿಡಿಸೂಡಿ ಇನ್ನೂ ಗಾಳಿಯಲ್ಲೇ ಇತ್ತು.

"ಗೊತ್ತುಂಟು ಅಕ್ಕ," ಎಂದ. "ಕೈಗೆ ಗೊತ್ತಾಗಲಿಲ್ಲ."

ಇದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ. ಎಲೆ ಕೊಯ್ಯುವ ಚೂರಿಯನ್ನು ಮಸೆಯುತ್ತಿದ್ದಳು. ಪರವಾಗಿಲ್ಲ, ನನ್ನ ಮನೆಯಲ್ಲಿ ಇದ್ದರೆ ಕೈ ಎತ್ತುವ ಅಗತ್ಯವೇ ಇಲ್ಲವಲ್ಲ ಎಂದಳು. ಅದೂ ಸರಿಯೇ.

ಅವನು ಅಲ್ಲಿದ್ದದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಸ್ಕೂಲು ಬಿಟ್ಟ ಮೇಲೆ ಚೈತನ್ಯಾ ಒಬ್ಬಳೇ ಟ್ರೈನು ಹತ್ತಿ ಪಲ್ಲಾವರಂಗೆ ಬಂದಳು. ಹನ್ನೊಂದು ವರ್ಷದ ಹುಡುಗಿ, ಯೂನಿಫಾರ್ಮಿನಲ್ಲೇ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ತಮಿಳು.

"ಅಪ್ಪಾ, ವೀಟುಕ್ಕು ವಾಂಗ," ಎಂದಳು. ಮನೆಗೆ ಬನ್ನಿ.

"ಅಮ್ಮ ಕಳಿಸಿದ್ಲಾ?" ಅಮ್ಮಣ್ಣಿ ಕೇಳಿದಳು.

"ಇಲ್ಲೆ ಅತ್ತೆ," ಇಲ್ಲ ಎಂದು ತಲೆಯಾಡಿಸಿದಳು.

"ಮತ್ತೆ? ನೀನೂ ಇಲ್ಲೇ ಇರು ಮಗಾ. ಅಪ್ಪನ ಜೊತೆ."

"ಸ್ಕೂಲ್ ಇರುಕ್ಕು," ಎಂದು ಹುಡುಗಿ ನೀರಿನ ಚೊಂಬಿಗೆ ಕೈ ಚಾಚಿದಳು. ತೋಳಿನ ಬಟ್ಟೆ ಮೇಲೆ ಸರಿಯಿತು. ಮೊಣಕೈ ಮೇಲೆ ನಾಲ್ಕು ಬೆರಳಿನಗಲ ನೀಲಿ.

"ಎಂತದು ಅದು?"

"ವಿಳುಂದುಟ್ಟೇನ್," ಎಂದಳು. ಬಿದ್ದೆ.

ಮೋನಪ್ಪ ಹೋಟೆಲಿನಲ್ಲಿ ಹೇಳುತ್ತಿದ್ದ ಮಾತು. ಯಾರೂ ಕಲಿಸಿಕೊಟ್ಟದ್ದಲ್ಲ. ಅವನು ಮನೆಯಲ್ಲಿದ್ದಷ್ಟು ಕಾಲ ಸುಮತಿಯ ಕೈ ಹುಡುಗಿಯ ಕಡೆ ತಿರುಗಿರಲಿಲ್ಲ. ತಿರುಗಲು ಬಿಡುವಿರಲಿಲ್ಲ.

ಅಮ್ಮಣ್ಣಿ ಪಕ್ಕದ ಬೂತಿಗೆ ಓಡಿ ಕಾಂತಪ್ಪನಿಗೆ ಫೋನ್ ಮಾಡಿದಳು. ಹುಡುಗಿಯನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದಳು. ಆ ಕಡೆಯಿಂದ ಬಂದದ್ದು ನಿಧಾನದ ದನಿ. "ಬೇರೆ ಬಳಿಯ ಮಗು ಹೆಣ್ಣೆ. ತಾಯಿ ನಾಳೆ ಕಂಪ್ಲೇಂಟು ಕೊಟ್ರೆ ಮಗು ಕದ್ದವರು ನಾವು. ತಾಯಿಗೆ ಅಲ್ಲದೆ ಯಾರಿಗೆ ಕೊಡ್ತಾರೆ? ಅಪ್ಪ ಟೇಬಲ್ ಒರೆಸುವವ. ನೀನು ಎಲೆ ಮಾರುವವಳು."

ಅವಳು ಬೂತಿನಿಂದ ವಾಪಸು ಬರುವಷ್ಟರಲ್ಲಿ ಮೋನಪ್ಪ ಚಪ್ಪಲಿ ಹಾಕಿಕೊಂಡು ನಿಂತಿದ್ದ. ಮಗಳ ಸ್ಕೂಲ್ ಚೀಲ ಅವನ ಹೆಗಲ ಮೇಲಿತ್ತು.

"ಹೋಗಿ ಬರ್ತೇನೆ ಅಕ್ಕ."

"ಎಲ್ಲಿಗೆ ಹೋಗಿ ಬರುದು," ಎಂದಳು ಅಮ್ಮಣ್ಣಿ. ತಡೆಯಲಿಲ್ಲ. ಹುಡುಗಿಯ ಆ ತೋಳು ಕಂಡ ಮೇಲೆ ಯಾವ ಬಾಯಿಂದ ತಡೆಯುವುದು?

ಅದೇ ತಿಂಗಳು ಅವಳು ಪಲ್ಲಾವರಂನ ಮನೆ ಬಿಟ್ಟಳು. ನುಂಗಂಬಾಕ್ಕಂನಲ್ಲಿ ಆ ಬಂಗಲೆಯ ಹಿಂಗೋಡೆಗೆ ತಾಗಿದ ಓಣಿಯಲ್ಲಿ ತಗಡಿನ ಒಂದು ಕೋಣೆ ಹಿಡಿದಳು. ಗೋಡೆಯ ಆಚೆ ತಮ್ಮನ ಮನೆ. ಎಲೆಯ ಲಾರಿಗೆ ನಸುಕಿಗೇ ಎದ್ದು ಅಷ್ಟು ದೂರ ಹೋಗಿ ಬರಬೇಕು, ಹೋದಳು. ಸಂಜೆ ಆರಕ್ಕೆ ಮೋನಪ್ಪನ ಡ್ಯೂಟಿ ಬಿಡುತ್ತದೆ. ಆರೂವರೆಗೆ ಇವಳು ಬಾಗಿಲ ಬಳಿ ಕೂತಿರುವಳು. ಗೋಡೆಯ ಆಚೆಯಿಂದ ಕೂಗು ಕೇಳಿದ ಕೂಡಲೇ ಎದ್ದು, ಸುತ್ತು ಹಾಕಿ, ಆ ಬಾಗಿಲು ತಟ್ಟುವಳು.

"ಸುಮತಿ, ನಾಲ್ಕು ಒಣಮೆಣಸು ಉಂಟಾ?"

ಬಾಗಿಲು ತೆರೆಯುತ್ತದೆ. ಸುಮತಿ ಏದುಸಿರು ಬಿಡುತ್ತಾ, ಕೂದಲು ಹಿಂದೆ ತಳ್ಳಿಕೊಂಡು, ಮೆಣಸು ತಂದು ಕೊಡುತ್ತಾಳೆ. ಹೊರಗಿನವರ ಎದುರು ಅವಳು ಹೊಡೆದವಳಲ್ಲ. "ನಿಮ್ಮ ಮನೆಯಲ್ಲಿ ಯಾವಾಗಲೂ ಎಂತದೂ ಇರುದಿಲ್ಲ ಅಲ್ವಾ ಅತ್ತಿಗೆ," ಎಂದು ಚುಚ್ಚುತ್ತಾಳೆ. ಅಮ್ಮಣ್ಣಿ ಹೊಸ್ತಿಲಲ್ಲೇ ಕೂತು ಒಂದು ಕಾಲು ಗಂಟೆ ಬಿಸಿಲಿನ ಬಗ್ಗೆ, ಬೋರಿನ ನೀರಿನ ಬಗ್ಗೆ ಮಾತಾಡುತ್ತಾಳೆ. ಒಳಗೆ ಮೋನಪ್ಪ ಗೋಡೆಗೆ ಮುಖ ಮಾಡಿ ಕೂತಿರುತ್ತಾನೆ, ಹುಡುಗಿ ಪುಸ್ತಕ ತೆರೆದಿರುತ್ತಾಳೆ. ಸುಮತಿಯ ಉಸಿರು ಇಳಿದ ಮೇಲೆ ಇವಳು ಎದ್ದು ಬರುತ್ತಾಳೆ. ಅವತ್ತಿಗೆ ಅಲ್ಲಿಗೆ ಮುಗಿಯುತ್ತದೆ.

ಹೊಟ್ಟೆಹುಣ್ಣಿನವಳು ಅಮ್ಮಣ್ಣಿ, ಮೆಣಸು ತಿನ್ನುವಂತಿಲ್ಲ. ನಾನೊಮ್ಮೆ ಆ ಕೋಣೆಗೆ ಹೋದಾಗ ಮಂಚದ ಕೆಳಗೆ ಎರಡು ಡಬ್ಬಿ ತುಂಬ ಒಣಮೆಣಸು ಕಂಡೆ. ನನ್ನ ಜೀವಮಾನದಲ್ಲಿ ನಾನು ಎಷ್ಟೋ ಧರಣಿ, ಘೇರಾವು ಮಾಡಿದ್ದೇನೆ. ಎಲ್ಲಕ್ಕೂ ಕೊನೆ ಎಂಬುದು ಒಂದಿತ್ತು, ಗೆದ್ದೋ ಸೋತೋ ಎದ್ದು ಬಂದಿದ್ದೇವೆ. ಇವಳದು ನಾಲ್ಕು ವರ್ಷವಾದರೂ ಮುಗಿಯಲಿಲ್ಲ.

2009ರಲ್ಲಿ ಅವಳು ಬಂದು, ಕಿವಿಗೆ ಮಿಷನ್ ಎಲ್ಲಿ ಹಾಕ್ತಾರೆ ಎಂದು ಕೇಳಿದಳು. ಕಿವಿ ಮಂದವಾಗಿತ್ತು. ಹಿಂದಿನ ವಾರ ಕೂಗು ಕೇಳಿಸದೆ ಹೋಗಿ ಮೋನಪ್ಪನ ದವಡೆಗೆ ಪೆಟ್ಟಾಗಿತ್ತು. ಕರೆದುಕೊಂಡು ಹೋಗಿ ಹಾಕಿಸಿದೆ. ಎರಡು ವಾರ ಬಿಟ್ಟು ಒಂದು ಸಂಜೆ ಅವಳೇ ಬಂದಳು.

"ಸರಿಯಾಗಿ ಕೇಳ್ತದಾ?" ಎಂದೆ.

"ಕೇಳ್ತದೆ ಲೀಡರ್ರೆ. ನಾನು ವಾರಕ್ಕೆ ಎರಡು ಸಲ ಅಂತ ತಿಳ್ಕೊಂಡಿದ್ದೆ."

"ಹೊಡೆತವಾ?" ಎಂದೆ.

"ದಿನಾ ಉಂಟು. ಕೂಗದೆಯೂ ಉಂಟು. ಕೂಗಿದ ದಿನ ಮಾತ್ರ ನಾನು ಹೋಗ್ತಿದ್ದೆ. ಉಳಿದ ದಿನ ಬರೀ ಸದ್ದು. ಈಗ ಅದೂ ಕೇಳ್ತದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ದಿನಾ ಹೋಗಿ ಒಣಮೆಣಸು ಕೇಳಿದ್ರೆ ಎಂತ ಅಂದ್ಕೊಳ್ತಾಳೆ ಅವಳು?"

"ಒಂದು ದಿನ ಉಪ್ಪು ಕೇಳಿ," ಎಂದೆ. ಬೇರೇನೂ ತೋಚಲಿಲ್ಲ.

"ದೀಪ ಹಚ್ಚಿದ ಮೇಲೆ ಉಪ್ಪು ಯಾರೂ ಕೊಡುದಿಲ್ಲ. ಅಷ್ಟೂ ಗೊತ್ತಿಲ್ಲ ನಿಮಗೆ."

ಗಡಿಯಾರ ನೋಡಿದಳು. ಐದೂಮುಕ್ಕಾಲು. ಮಂಡಿ ಹಿಡಿದುಕೊಂಡು ಎದ್ದಳು. "ಇವತ್ತಿಗೆ ಬೆಲ್ಲ ಕೇಳ್ತೇನೆ," ಎಂದು ಮೆಟ್ಟಿಲು ಇಳಿದಳು.